ಹುಳು ಕಡಿಮೆಯಾಗಲಿ ಅಂತ ಹುಳು ಸೇರಿಸಿದರು: ಹಿಟ್ಟಿನ ಬಾಟಲಿಯೊಳಗಿನ ಕೇಯಾಸ್ ಪ್ರಕರಣ

ಗೋಧಿ ಹಿಟ್ಟಿನ ಡಬ್ಬಿಯನ್ನು ಒಂದೆರಡು ತಿಂಗಳು ಮರೆತುಬಿಟ್ಟು ಆಮೇಲೆ ಮುಚ್ಚಳ ತೆಗೆದರೆ ಒಳಗೆ ಕೆಂಗಂದು ಬಣ್ಣದ, ಎಳ್ಳಿಗಿಂತ ಸ್ವಲ್ಪ ದೊಡ್ಡದಾದ ಹುಳುಗಳು ಓಡಾಡುತ್ತಿರುತ್ತವಲ್ಲ, ಈ ಪ್ರಕರಣದ ನಾಯಕ ಅದೇ ಹುಳು. ಹೆಸರು ಟ್ರೈಬೋಲಿಯಂ ಕ್ಯಾಸ್ಟೇನಿಯಂ. ನಮ್ಮ ಮನೆಗಳಲ್ಲಿ ಸುಮ್ನೆ ‘ಹಿಟ್ಟಿಗೆ ಹುಳ ಬಿದ್ದಿದೆ’ ಅಂದು ಜರಡಿ ಹಿಡಿದು ಮುಗಿಸುತ್ತೇವೆ. ಅಮೆರಿಕದಲ್ಲಿ ಒಂದು ತಂಡ ಇದೇ ಹುಳುವನ್ನು ಬಾಟಲಿಯಲ್ಲಿ ಸಾಕಿ, ಎರಡು ವಾರಕ್ಕೊಮ್ಮೆ ಒಂದೊಂದನ್ನೂ ಎಣಿಸಿ, ಜೀವಿಗಳ ಸಂಖ್ಯೆ ನಿಜವಾಗಿಯೂ ಕೇಯಾಸ್‌ಗೆ ಬೀಳುತ್ತದೆ ಅಂತ ತೋರಿಸಿತು. ಆಮೇಲೆ ಅದನ್ನು ಹಿಡಿತಕ್ಕೂ ತಂದಿತು. ತಂದದ್ದು ಹೇಗೆ ಗೊತ್ತಾ? ಹುಳು ತೆಗೆದು ಅಲ್ಲ. ಬೆರಳೆಣಿಕೆಯಷ್ಟು ಹುಳುಗಳನ್ನು ಸೇರಿಸಿ.

ಕೇಯಾಸ್ ನಿಯಂತ್ರಣದ ಬಗ್ಗೆ ಮಾತು ಬಂದಾಗೆಲ್ಲ ಲೇಸರ್, ವಿದ್ಯುತ್ ಸರ್ಕ್ಯೂಟ್, ಕಾಂತದ ಪಟ್ಟಿ ಇವುಗಳ ಉದಾಹರಣೆಯೇ ಬರುತ್ತದೆ. ನನಗೆ ಮಾತ್ರ ಈ ಹಿಟ್ಟಿನ ಬಾಟಲಿಯೇ ಎಲ್ಲಕ್ಕಿಂತ ಇಷ್ಟ. ಯಾಕೆಂದರೆ ಇಲ್ಲಿ ಯಂತ್ರ ಇಲ್ಲ, ಜೀವ ಇದೆ. ಒಳಗೆ ಏನಾಗುತ್ತಿದೆ ಅಂತ ಅಡುಗೆಮನೆಯಲ್ಲಿ ನಿಂತೇ ಅರ್ಥ ಮಾಡಿಕೊಳ್ಳಬಹುದು.

ಮೊದಲು ಆ ಪದದ ಬಗ್ಗೆ

ಕೇಯಾಸ್ ಅನ್ನುವುದನ್ನು ಕನ್ನಡದಲ್ಲಿ ಗೊಂದಲ, ಅವ್ಯವಸ್ಥೆ ಅಂತ ಬರೆಯುತ್ತಾರೆ. ನನಗೆ ಅದು ಒಪ್ಪುವುದಿಲ್ಲ. ಗೊಂದಲ ಅಂದರೆ ನಿಯಮವೇ ಇಲ್ಲ ಅನ್ನುವ ಅರ್ಥ ಬರುತ್ತದೆ. ಇಲ್ಲಿ ನಿಯಮ ಪಕ್ಕಾ ಇರುತ್ತದೆ. ಇವತ್ತಿನ ಲೆಕ್ಕ ಗೊತ್ತಿದ್ದರೆ ನಾಳೆಯದು ಸೂತ್ರದಿಂದಲೇ ಬರುತ್ತದೆ, ಎಲ್ಲೂ ಲಾಟರಿ ಇಲ್ಲ. ಆದರೂ ಇವತ್ತಿನ ಲೆಕ್ಕದಲ್ಲಿ ಒಂದು ಸಣ್ಣ ವ್ಯತ್ಯಾಸ ಇದ್ದರೆ ಅದು ಹಿಗ್ಗುತ್ತಾ ಹಿಗ್ಗುತ್ತಾ ಸ್ವಲ್ಪ ಕಾಲದಲ್ಲೇ ಪೂರ್ತಿ ಬೇರೆ ಕಥೆ ಆಗಿಬಿಡುತ್ತದೆ. ಇದಕ್ಕೆ ಕಾರಣ ವ್ಯವಸ್ಥೆ ನಾನ್‌ಲೀನಿಯರ್ ಆಗಿರುವುದು, ಅಂದರೆ ಎರಡು ಪಟ್ಟು ಹಾಕಿದರೆ ಎರಡು ಪಟ್ಟು ಬರದೇ ಇರುವುದು. ಒಂದು ಹುಳು ಇದ್ದ ಕಡೆ ಎರಡಾದರೆ ಆಗುವ ಪರಿಣಾಮವೇ ಬೇರೆ, ಐವತ್ತಿದ್ದ ಕಡೆ ಐವತ್ತೊಂದಾದರೆ ಆಗುವುದೇ ಬೇರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಇಡೀ ಪ್ರಕರಣ ಅದರ ಮೇಲೇ ನಿಂತಿದೆ.

1976ರಲ್ಲಿ ರಾಬರ್ಟ್ ಮೇ ‘ನೇಚರ್’ ಪತ್ರಿಕೆಯಲ್ಲಿ ಬರೆದಾಗಿನಿಂದ ಒಂದು ಜಗಳ ನಡೆಯುತ್ತಲೇ ಇತ್ತು. ತೀರ ಸರಳ ಸೂತ್ರದಲ್ಲೂ ಜೀವಿಗಳ ಸಂಖ್ಯೆ ಕೇಯಾಸ್ ಆಗಬಹುದು ಅಂತ ಅವರು ಕಾಗದದ ಮೇಲೆ ತೋರಿಸಿದ್ದರು. ಸರಿ, ಹೊಲ ಕಾಡುಗಳಲ್ಲಿ ಹಾಗೆ ಆಗುತ್ತದಾ? ಅಲ್ಲಿನ ಲೆಕ್ಕ ನೋಡಿದರೆ ಏನೂ ಖಚಿತವಾಗಿ ಹೇಳಲು ಆಗುತ್ತಿರಲಿಲ್ಲ. ಮಳೆ, ರೋಗ, ಎಣಿಕೆಯ ತಪ್ಪು ಎಲ್ಲ ಸೇರಿಕೊಂಡಿರುತ್ತವೆ. ಸಂಖ್ಯೆ ಏರಿಳಿದದ್ದು ಕೇಯಾಸ್‌ನಿಂದಲಾ, ಸುಮ್ನೆ ಮಳೆ ಕೈಕೊಟ್ಟದ್ದರಿಂದಲಾ ಅಂತ ಬೇರ್ಪಡಿಸುವುದು ಕಷ್ಟ. ಅದಕ್ಕೇ ಬಾಟಲಿ ಬೇಕಾಯಿತು.

ಬಾಟಲಿ, ಹಿಟ್ಟು, ಎಣಿಕೆ

ತಂಡದಲ್ಲಿ ಹುಳು ಸಾಕುವವರು, ಗಣಿತದವರು, ಸಂಖ್ಯಾಶಾಸ್ತ್ರದವರು ಎಲ್ಲರೂ ಇದ್ದರು. ರಾಬರ್ಟ್ ಕೊಸ್ಟಾಂಟಿನೊ, ಅರಿಜೋನಾದ ಜಿಮ್ ಕುಶಿಂಗ್, ಐಡಹೋದ ಬ್ರಯಾನ್ ಡೆನ್ನಿಸ್, ಲಾಸ್ ಏಂಜಲೀಸ್‌ನ ರಾಬರ್ಟ್ ದೆಶಾರ್ನೆ, ಆಮೇಲೆ ಸೇರಿದ ಶಾಂಡೆಲ್ ಹೆನ್ಸನ್. ಅರ್ಧ ಪಿಂಟಿನ (ಸುಮಾರು ಕಾಲು ಲೀಟರ್) ಹಾಲಿನ ಬಾಟಲಿ, ಅದರಲ್ಲಿ 20 ಗ್ರಾಂ ಆಹಾರ: ಶೇಕಡಾ 95 ಗೋಧಿ ಹಿಟ್ಟು, ಶೇಕಡಾ 5 ಒಣ ಯೀಸ್ಟ್. ಕತ್ತಲಿನ ಪೆಟ್ಟಿಗೆ, 32 ಡಿಗ್ರಿ ಸೆಲ್ಸಿಯಸ್. ಎರಡು ವಾರಕ್ಕೊಮ್ಮೆ ಜರಡಿ ಹಿಡಿದು ಮರಿಹುಳು, ಪ್ಯೂಪಾ (ಮರಿ ದೊಡ್ಡ ಹುಳುವಾಗುವ ಮುಂಚಿನ ಹಂತ), ದೊಡ್ಡ ಹುಳು ಮೂರನ್ನೂ ಎಣಿಸಿ ಹೊಸ ಹಿಟ್ಟಿಗೆ ಹಾಕುವುದು. ಎರಡು ವಾರವೇ ಯಾಕೆ ಅಂದರೆ ಮರಿಹುಳುವಾಗಿ ಸುಮಾರು ಎರಡು ವಾರ, ತಿನ್ನುವುದು ನಿಲ್ಲಿಸಿದ ಮರಿ, ಪ್ಯೂಪಾ, ಆಗಷ್ಟೇ ಹೊರಬಂದ ಎಳೆ ಹುಳು ಇವನ್ನೆಲ್ಲ ‘ಪ್ಯೂಪಾ’ ಅಂತಲೇ ಲೆಕ್ಕ ಹಿಡಿದರೆ ಆ ಹಂತದಲ್ಲಿ ಇನ್ನೆರಡು ವಾರ ಕಳೆಯುತ್ತದೆ. ಹಾಗಾಗಿ ಇವತ್ತಿನ ಮರಿ ಮುಂದಿನ ಎಣಿಕೆಗೆ ಪ್ಯೂಪಾ, ಅದರ ಮುಂದಿನ ಎಣಿಕೆಗೆ ದೊಡ್ಡ ಹುಳು.

ಈ ಹುಳುವಿನ ಬದುಕಿನಲ್ಲಿ ಒಂದು ಕ್ರೂರ ಸಂಗತಿ ಇದೆ. ಇವು ತಮ್ಮವರನ್ನೇ ತಿನ್ನುತ್ತವೆ. ಹಿಟ್ಟಿನೊಳಗೆ ಸುರಂಗ ಕೊರೆಯುತ್ತಾ ಹೋಗುವಾಗ ಎದುರಿಗೆ ಮೊಟ್ಟೆ ಸಿಕ್ಕರೆ ಮರಿಹುಳುವೂ ತಿನ್ನುತ್ತದೆ, ದೊಡ್ಡ ಹುಳುವೂ ತಿನ್ನುತ್ತದೆ. ಪ್ಯೂಪಾ ಅಲುಗಾಡದೆ ಬಿದ್ದಿರುತ್ತದೆ, ಅದನ್ನು ದೊಡ್ಡ ಹುಳು ತಿನ್ನುತ್ತದೆ. ಏರಿಳಿತವೆಲ್ಲ ಹುಟ್ಟುವುದು ಇಲ್ಲಿಂದಲೇ. ತಂಡದ ಸೂತ್ರವೂ ಇಷ್ಟೇ, ಮೂರು ಸಾಲು. ಮುಂದಿನ ಮರಿಗಳು ಅಂದರೆ ಈಗಿನ ದೊಡ್ಡ ಹುಳು ಇಟ್ಟ ಮೊಟ್ಟೆಗಳಲ್ಲಿ ತಿನ್ನಿಸಿಕೊಳ್ಳದೆ ಉಳಿದವು. ಮುಂದಿನ ಪ್ಯೂಪಾ ಅಂದರೆ ಈಗಿನ ಮರಿಗಳಲ್ಲಿ ಸಾಯದೆ ಉಳಿದವು. ಮುಂದಿನ ದೊಡ್ಡ ಹುಳು ಅಂದರೆ ಈಗಿನ ಪ್ಯೂಪಾಗಳಲ್ಲಿ ತಿನ್ನಿಸಿಕೊಳ್ಳದೆ ಉಳಿದವು, ಜೊತೆಗೆ ಬದುಕುಳಿದ ಹಳೆಯ ಹುಳುಗಳು.

1997ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ 24 ಬಾಟಲಿಗಳಿದ್ದವು. ಪ್ರತಿ ಬಾಟಲಿಯಲ್ಲೂ ಶುರುವಿಗೆ 250 ಮರಿ, 5 ಪ್ಯೂಪಾ, 100 ದೊಡ್ಡ ಹುಳು. ಎಂಟು ಬಗೆಯ ಸ್ಥಿತಿ, ಒಂದೊಂದಕ್ಕೆ ಮೂರು ಬಾಟಲಿ. ಒಂದು ಬಗೆಯನ್ನು ಹೋಲಿಕೆಗೆ ಅಂತ ಮುಟ್ಟದೆ ಬಿಟ್ಟರು. ಉಳಿದವುಗಳಲ್ಲಿ ದೊಡ್ಡ ಹುಳುಗಳ ಸಾವನ್ನು ಶೇಕಡಾ 96ಕ್ಕೆ ಏರಿಸಿದರು, ಅಂದರೆ ಎಣಿಕೆಯ ದಿನ ಕೈಯಾರೆ ಹುಳುಗಳನ್ನು ತೆಗೆದು ಆ ಲೆಕ್ಕಕ್ಕೆ ತಂದರು. ಪ್ಯೂಪಾದಿಂದ ದೊಡ್ಡ ಹುಳುವಾಗಿ ಎಷ್ಟು ಉಳಿಯಬೇಕು ಅನ್ನುವುದನ್ನೂ ಹಾಗೇ ತೆಗೆದು ಅಥವಾ ಸೇರಿಸಿ ಬೇಕಾದ ಮಟ್ಟಕ್ಕೆ ಹಿಡಿದರು. ಅದೊಂದು ಗುಂಡಿಯನ್ನು ನಿಧಾನಕ್ಕೆ ತಿರುಗಿಸಿದ ಹಾಗೆ. ಒಂದು ತುದಿಯಲ್ಲಿ ಸಂಖ್ಯೆ ಸುಮ್ಮನೆ ನಿಂತಿತ್ತು. ಸ್ವಲ್ಪ ತಿರುಗಿಸಿದರೆ ಅಲೆ ಅಲೆಯಾಗಿ ಏರಿಳಿಯಿತು. ಇನ್ನೂ ತಿರುಗಿಸಿದರೆ ಕೇಯಾಸ್. ಅದನ್ನೂ ದಾಟಿದರೆ ಮೂರು ಎಣಿಕೆಗೊಮ್ಮೆ ಮರುಕಳಿಸುವ ಶಿಸ್ತಿನ ಚಕ್ರ. ಮುಖ್ಯವಾದ ಮಾತು ಏನೆಂದರೆ, ಇದೆಲ್ಲವನ್ನೂ ಸೂತ್ರ ಮೊದಲೇ ಹೇಳಿತ್ತು, ಬಾಟಲಿ ಅದನ್ನು ಆಮೇಲೆ ಒಪ್ಪಿಕೊಂಡಿತು. ನಡೆದದ್ದಕ್ಕೆ ಸೂತ್ರ ಹೊಂದಿಸುವುದು ಸುಲಭ. ನಡೆಯುವ ಮೊದಲೇ ಹೇಳಿ ಎಂಟು ಬಗೆಯಲ್ಲೂ ಪರೀಕ್ಷೆಗೆ ನಿಲ್ಲುವುದಕ್ಕೆ ಧೈರ್ಯ ಬೇಕು.

ನಾನೇ ಮಾಡಿ ನೋಡಿದ ಲೆಕ್ಕ

ಕೇಯಾಸ್ ಇರುವ ಒಂದು ಸ್ಥಿತಿಯಲ್ಲಿ ಪ್ಯೂಪಾ ತಿನ್ನುವ ಅಂಕಿ 0.35. ಅದನ್ನೂ ಆ ತಂಡ ಅಂದಾಜು ಮಾಡಿದ ಉಳಿದ ಅಂಕಿಗಳನ್ನೂ ಸೂತ್ರಕ್ಕೆ ಹಾಕಿ, ಶುರುವಿನ 250, 5, 100 ಇಟ್ಟುಕೊಂಡು ಒಂದು ಕಾಗದದಲ್ಲಿ ಲೆಕ್ಕ ಮಾಡಿದೆ. ಕ್ಯಾಲ್ಕುಲೇಟರ್ ಸಾಕು, ನೀವೂ ಮಾಡಬಹುದು. ದೊಡ್ಡ ಹುಳುಗಳ ಸಂಖ್ಯೆ ಎರಡೆರಡು ವಾರಕ್ಕೆ ಹೀಗೆ ಬಂತು: 100, 4, 49, 2, 9, 5, ಅರ್ಧ, 35, 1, 1, 72. ಇಪ್ಪತ್ತು ವಾರದ ಕಥೆ ಇದು. ನಡುವೆ ಸತ್ತೇ ಹೋಯಿತು ಅನ್ನುವಷ್ಟು ಇಳಿಯುತ್ತದೆ, ಮುಂದಿನ ಎಣಿಕೆಗೆ ಎಲ್ಲಿಂದಲೋ 35 ಬಂದು ನಿಲ್ಲುತ್ತದೆ.

ಎಲ್ಲಿಂದಲೋ ಅಲ್ಲ. 18ನೇ ವಾರವನ್ನು ಬಿಡಿಸಿ ನೋಡಿ. ದೊಡ್ಡ ಹುಳು ಒಂದು ಚಿಲ್ಲರೆ, ಮರಿ ಒಂದೆರಡು. ಮೇಲ್ನೋಟಕ್ಕೆ ಬಾಟಲಿ ಖಾಲಿ. ಆದರೆ ಹಿಟ್ಟಿನೊಳಗೆ 118 ಪ್ಯೂಪಾ ಮಲಗಿವೆ. ತಿನ್ನುವವರು ಇಲ್ಲ. ಎರಡು ವಾರ ಬಿಟ್ಟು ನೋಡಿದರೆ 72 ದೊಡ್ಡ ಹುಳು. ಇದೇ ಸ್ಫೋಟ. ರೈತರು ‘ಈ ಸಲ ಕೀಟ ಇಲ್ಲ ಅಂತ ಅಂದುಕೊಂಡಿದ್ದೆವು, ಇದ್ದಕ್ಕಿದ್ದ ಹಾಗೆ ಬಂತು’ ಅನ್ನುವಾಗ ನನಗೆ ಈ 18ನೇ ವಾರ ನೆನಪಾಗುತ್ತದೆ.

0.35 ಅಂದರೆ ಏನು ಅಂತಲೂ ನೋಡೋಣ. ನೂರು ಪ್ಯೂಪಾ ಇವೆ ಅಂತಿಟ್ಟುಕೊಳ್ಳಿ. ದೊಡ್ಡ ಹುಳು ಒಂದೇ ಇದ್ದರೆ ಸುಮಾರು 70 ಪ್ಯೂಪಾ ಉಳಿಯುತ್ತವೆ. ಎರಡಿದ್ದರೆ 50. ನಾಲ್ಕಿದ್ದರೆ 25. ಹತ್ತಿದ್ದರೆ ಮೂರು. ಹತ್ತು ದಾಟಿದ ಮೇಲೆ ಇನ್ನಷ್ಟು ಸೇರಿಸಿ ಪ್ರಯೋಜನವಿಲ್ಲ, ತಿನ್ನುವುದಕ್ಕೇ ಏನೂ ಉಳಿದಿರುವುದಿಲ್ಲ. ಅಂದರೆ ಮೊದಲ ಮೂರು ನಾಲ್ಕು ಹುಳುಗಳಲ್ಲೇ ಶಕ್ತಿಯೆಲ್ಲ ಇದೆ. 49 ಇದ್ದ ಕಡೆ 52 ಆದರೆ ಬಾಟಲಿಗೆ ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ. 1 ಇದ್ದ ಕಡೆ 4 ಆದರೆ ಇಡೀ ಮುಂದಿನ ಕಥೆ ಬದಲಾಗುತ್ತದೆ.

ಎಲ್ಲಿ ತಳ್ಳಬೇಕು

ಇದನ್ನೇ ತಂಡ 2001ರಲ್ಲಿ ಪ್ರಯೋಗಕ್ಕಿಟ್ಟಿತು. ‘ಇಕಾಲಜಿ ಲೆಟರ್ಸ್’ ಪತ್ರಿಕೆಯಲ್ಲಿ ಬಂದಿದೆ. ಅದಕ್ಕೂ ಮೊದಲು, 1990ರಲ್ಲೇ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಟ್, ಗ್ರೆಬೋಗಿ, ಯಾರ್ಕ್ ಮೂವರು ಕೇಯಾಸ್ ಇರುವ ವ್ಯವಸ್ಥೆಯನ್ನು ಸಣ್ಣ ಸಣ್ಣ ತಳ್ಳುವಿಕೆಯಿಂದಲೇ ಹಿಡಿತದಲ್ಲಿಡಬಹುದು ಅಂತ ತೋರಿಸಿದ್ದರು. ಕೇಯಾಸ್ ಸಣ್ಣ ವ್ಯತ್ಯಾಸವನ್ನು ಹಿಗ್ಗಿಸುತ್ತದೆ ಅಲ್ವಾ, ಹಾಗಿದ್ದರೆ ನಾವು ಬೇಕಂತಲೇ ಕೊಟ್ಟ ಸಣ್ಣ ವ್ಯತ್ಯಾಸವನ್ನೂ ಅದೇ ಹಿಗ್ಗಿಸಿಕೊಡುತ್ತದೆ. ಎರಡು ವರ್ಷದಲ್ಲಿ ಮೊಲದ ಹೃದಯದ ಅಂಗಾಂಶದ ಮೇಲೂ ಇಂಥ ಪ್ರಯೋಗ ಆಯಿತು. ಆದರೆ ಅವರ ವಿಧಾನವನ್ನು ಹಾಗೆ ಹಾಗೇ ಹುಳುವಿನ ಮೇಲೆ ಮಾಡಲು ಆಗುವುದಿಲ್ಲ. ಎರಡು ವಾರಕ್ಕೊಮ್ಮೆ ಮಾತ್ರ ಬಾಟಲಿ ಕಾಣುತ್ತದೆ, ಹುಳು ಯಾವತ್ತೂ ಸೂತ್ರದಷ್ಟು ನಿಖರವಾಗಿ ನಡೆಯುವುದಿಲ್ಲ. ಅದಕ್ಕೆ ಈ ತಂಡ ಮಾಡಿದ್ದು ಒರಟು ಕೆಲಸ, ಒಳ್ಳೆಯ ಅರ್ಥದಲ್ಲಿ ಒರಟು. ಯಾವ ಸ್ಥಿತಿಯಲ್ಲಿ ಬಾಟಲಿ ತುಂಬಾ ಸೂಕ್ಷ್ಮ ಅಂತ ಸೂತ್ರದಿಂದ ಕಂಡುಕೊಂಡು, ಮರಿ ಎಷ್ಟು, ದೊಡ್ಡವು ಎಷ್ಟು ಅನ್ನುವ ನಕ್ಷೆಯಲ್ಲಿ ಅದರ ಸುತ್ತ ಒಂದು ಚೌಕ ಎಳೆದರು. ದೊಡ್ಡ ಹುಳು ತೀರ ಕಡಿಮೆ ಇರುವ ಜಾಗ ಅದು. ಎಣಿಕೆ ಆ ಚೌಕದೊಳಗೆ ಬಿದ್ದರೆ ಕೆಲವೇ ಕೆಲವು ದೊಡ್ಡ ಹುಳು ಸೇರಿಸುವುದು. ಹೊರಗಿದ್ದರೆ ಕೈ ಹಾಕದಿರುವುದು.

ಇದು ಒಂದು ಗುಂಪು. ಇನ್ನೊಂದು ಗುಂಪಿಗೆ ಉಲ್ಟಾ ನಿಯಮ: ಚೌಕದ ಹೊರಗಿದ್ದಾಗ ಸೇರಿಸುವುದು, ಒಳಗಿದ್ದಾಗ ಬಿಡುವುದು. ಮೂರನೆಯದಕ್ಕೆ ಏನೂ ಸೇರಿಸಲಿಲ್ಲ.

ನನಗೆ ಇಡೀ ಕೆಲಸದಲ್ಲಿ ತುಂಬಾ ಗೌರವ ಬರುವುದು ಆ ಎರಡನೇ ಗುಂಪಿನ ಮೇಲೆ. ಅದು ಇಲ್ಲದಿದ್ದರೆ ಯಾರು ಬೇಕಾದರೂ ಕೇಳಬಹುದಿತ್ತು, ‘ಹುಳು ಸೇರಿಸಿದ್ದಕ್ಕೇ ಸ್ಥಿರ ಆಯಿತು, ಯಾವಾಗ ಸೇರಿಸಿದರೂ ಆಗುತ್ತಿತ್ತು, ನಿಮ್ಮ ಕೇಯಾಸ್ ಲೆಕ್ಕ ಯಾಕೆ ಬೇಕು?’ ಅಂತ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಬಾಟಲಿಯಲ್ಲೇ ಇತ್ತು. ಚೌಕದೊಳಗೆ ಸೇರಿಸಿದ ಗುಂಪಿನಲ್ಲಿ ಏರಿಳಿತ ತಗ್ಗಿತು, ಸಂಖ್ಯೆ ಉಳಿದೆರಡು ಗುಂಪುಗಳ ಶಿಖರಕ್ಕಿಂತ ತುಂಬಾ ಕೆಳಗೆ ನಿಂತಿತು. ಚೌಕದ ಹೊರಗೆ ಸೇರಿಸಿದ ಗುಂಪು ಏನೂ ಸೇರಿಸದ ಗುಂಪಿನ ಹಾಗೇ ಹಾರಾಡುತ್ತಿತ್ತು. ಹಾಕಿದ್ದು ಅದೇ ಹುಳು. ಬದಲಾಗಿದ್ದು ಹೊತ್ತು ಮಾತ್ರ.

ನನ್ನ ಕಾಗದಕ್ಕೆ ವಾಪಸ್ ಬಂದೆ. 18ನೇ ವಾರ ಇದ್ದ ಒಂದರ ಜೊತೆಗೆ ಇನ್ನು ಮೂರು ಹುಳು ಹಾಕಿದೆ ಅಂದುಕೊಂಡೆ. 20ನೇ ವಾರ 72 ಬರುವ ಕಡೆ 25 ಬಂತು. 22ನೇ ವಾರ ಮತ್ತೆ ಒಂದಕ್ಕೆ ಇಳಿಯಿತು, ಮತ್ತೆ ಮೂರು ಸೇರಿಸಿದೆ. ಆಮೇಲೆ 5, 11. ಕೈ ಹಾಕದೆ ಬಿಟ್ಟಿದ್ದರೆ ಇದೇ ನಾಲ್ಕು ಎಣಿಕೆ 72, 3, 3, 58 ಆಗುತ್ತಿತ್ತು. ಒಟ್ಟು ಸೇರಿಸಿದ್ದು ಆರು ಹುಳು. ಇನ್ನೊಂದು ಪ್ರಯೋಗ: ಅದೇ ಮೂರು ಹುಳುಗಳನ್ನು 4ನೇ ವಾರ, 49 ಇದ್ದಾಗ, ಹಾಕಿದರೆ? ಪ್ಯೂಪಾ ಅಷ್ಟರಲ್ಲಿ ಹೇಗೂ ಮುಗಿದೇ ಹೋಗುತ್ತಿದ್ದವು. ಮುಂದಿನ ಎಣಿಕೆಯ ದೊಡ್ಡ ಹುಳುಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಇಷ್ಟು ಸಣ್ಣ ಕೆಲಸ ಯಾಕೆ ಇಷ್ಟು ಕೆಲಸ ಮಾಡುತ್ತದೆ ಅಂದರೆ, ಸೇರಿಸಿದ ಹುಳುಗಳೇ ಮಲಗಿರುವ ಪ್ಯೂಪಾಗಳ ಮೇಲೆ ಹಾಕಿದ ಕಾವಲು. ಅವು ಸಂಖ್ಯೆಯನ್ನು ಹಿಡಿದಿಡುವುದಿಲ್ಲ, ಸ್ಫೋಟದ ಬೀಜವನ್ನು ಮೊದಲೇ ತಿಂದುಬಿಡುತ್ತವೆ. ನಾವು ಸಾಮಾನ್ಯವಾಗಿ ಮಾಡುವುದು ಇದರ ತಿರುಗುಮುರುಗು. ಹುಳು ಕಂಡಾಗ, ಅಂದರೆ 72 ಇದ್ದಾಗ ಕೊಲ್ಲಲು ಹೊರಡುತ್ತೇವೆ. ಈ ಬಾಟಲಿಯ ಲೆಕ್ಕದಲ್ಲಿ ಆ ದೊಡ್ಡ ಹುಳುಗಳನ್ನೇ ಕೊಂದು ಹಾಕಿದರೆ ಮುಂದಿನ ಪ್ಯೂಪಾಗಳಿಗೆ ದಾರಿ ಸಲೀಸು ಮಾಡಿಕೊಟ್ಟ ಹಾಗೆ. ದೊಡ್ಡ ಹುಳುಗಳ ಸಾವನ್ನು 96ಕ್ಕೆ ಏರಿಸಿದ ಬಾಟಲಿಗಳಲ್ಲೇ ಕೇಯಾಸ್ ಬಂತು ಅನ್ನುವುದು ಸುಮ್ನೆ ಅಲ್ಲ.

ಅರ್ಧ ಹುಳುವಿನ ಸಮಸ್ಯೆ

ಮೇಲಿನ ಪಟ್ಟಿಯಲ್ಲಿ 12ನೇ ವಾರಕ್ಕೆ ‘ಅರ್ಧ’ ಅಂತ ಬಂದದ್ದನ್ನು ಗಮನಿಸಿದಿರಾ? ಸೂತ್ರಕ್ಕೆ ಅರ್ಧ ಹುಳು ಇರಬಹುದು, ಬಾಟಲಿಗೆ ಇರುವುದಿಲ್ಲ. ಆ ಹೊತ್ತಿಗೆ ಒಳಗೆ 41 ಪ್ಯೂಪಾ ಇವೆ. ನಿಜವಾದ ಹುಳು ಸೊನ್ನೆ ಇದ್ದರೆ 41 ಪೂರ್ತಿ ಉಳಿಯುತ್ತವೆ, ಒಂದಿದ್ದರೆ 29. ಒಂದೇ ಒಂದು ಹುಳುವಿನ ಇರುವಿಕೆ ಇಷ್ಟು ದೊಡ್ಡ ವಿಷಯ.

ಈ ತಂಡ ಇದನ್ನೂ ಬಿಡಲಿಲ್ಲ. 2001ರಲ್ಲೇ ಹೆನ್ಸನ್ ಮತ್ತು ಜೊತೆಗಾರರು ‘ಸೈನ್ಸ್’ನಲ್ಲಿ ಇನ್ನೊಂದು ಲೇಖನ ಬರೆದರು. ಜೀವಿಗಳು ಪೂರ್ಣ ಸಂಖ್ಯೆಯಲ್ಲೇ ಬರುತ್ತವೆ, ಬಾಟಲಿಯ ಗಾತ್ರಕ್ಕೂ ಮಿತಿ ಇದೆ, ಹಾಗಾಗಿ ಕೇಯಾಸ್ ನಡುವೆ ಮತ್ತೆ ಮತ್ತೆ ಆರು ಎಣಿಕೆಗಳ ಚಕ್ರದಂಥ ನಡೆ ಇಣುಕುತ್ತದೆ, ಅದು ಬಾಟಲಿಯ ಲೆಕ್ಕದಲ್ಲೂ ಕಾಣುತ್ತದೆ ಅಂತ. ನನ್ನ ಪ್ರಕಾರ ಇದು ಮೊದಲಿನ ಲೇಖನವನ್ನು ದುರ್ಬಲ ಮಾಡುವುದಿಲ್ಲ, ಗಟ್ಟಿ ಮಾಡುತ್ತದೆ. ಸೂತ್ರ ಎಲ್ಲಿ ಸೋಲುತ್ತದೆ ಅಂತಲೂ ಸೂತ್ರದವರೇ ಹುಡುಕಿಕೊಟ್ಟರು. ಇದಕ್ಕೆ ಬೇಕಾದ ದೀರ್ಘ ಲೆಕ್ಕ ಅವರ ಹತ್ತಿರ ಇತ್ತು: 0.35ರ ಬಾಟಲಿಗಳನ್ನು 424 ವಾರ, ಅಂದರೆ ಎಂಟು ವರ್ಷಕ್ಕೂ ಜಾಸ್ತಿ ಎಣಿಸಿದರು. ಎರಡು ವಾರಕ್ಕೊಮ್ಮೆ, ಜರಡಿ ಹಿಡಿದು. ಹಬ್ಬ, ರಜೆ, ಜ್ವರ ಏನೇ ಇರಲಿ ಹುಳು ಕಾಯುವುದಿಲ್ಲ. ಹುಳು ಎಣಿಸಿದ ಆ ಕೈಗಳ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಗೋದಾಮಿಗೆ ಇದು ಬರುತ್ತದಾ

ನೇರವಾಗಿ ಇಲ್ಲ. ಇದನ್ನು ಓದಿ ಅಕ್ಕಿ ಹಿಟ್ಟಿನ ಡಬ್ಬಿಗೆ ಯಾರೂ ಹುಳು ಸೇರಿಸಬೇಡಿ. ಬಾಟಲಿಯಲ್ಲಿ ಪ್ಯೂಪಾ ತಿನ್ನುವ ಪ್ರಮಾಣವನ್ನು ಕೈಯಾರೆ ಏರಿಸಿ ಇಟ್ಟಿದ್ದರು. ಆ ಹುಳುವಿನ ಸಹಜ ಬದುಕಿನಲ್ಲಿ ಒಂದು ದೊಡ್ಡ ಹುಳುವಿನ ಪ್ರಭಾವ ಅದಕ್ಕಿಂತ ಎಷ್ಟೋ ಕಡಿಮೆ. ಗೋದಾಮಿನಲ್ಲಿ ಚೀಲದಿಂದ ಚೀಲಕ್ಕೆ ಹುಳು ಹೋಗುತ್ತವೆ, ಹೊರಗಿನಿಂದ ಬರುತ್ತವೆ, ಬಿಸಿಲು ಮಳೆ ಬದಲಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಚೌಕದೊಳಗಿದ್ದೇವಾ ಹೊರಗಿದ್ದೇವಾ ಅಂತ ತಿಳಿಯಬೇಕಾದರೆ ಮರಿ ಎಷ್ಟು, ದೊಡ್ಡವು ಎಷ್ಟು ಅಂತ ಎಣಿಸಲೇಬೇಕು.

ಚೀಲದಿಂದ ಚೀಲಕ್ಕೆ ಓಡಾಟ ಇದ್ದರೆ ಏನಾಗುತ್ತದೆ ಅನ್ನುವ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ ನಮ್ಮ ಬೆಂಗಳೂರಿನಿಂದಲೇ ಬಂದಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸುತೀರ್ಥ ಡೇ ಮತ್ತು ಅಮಿತಾಭ್ ಜೋಶಿ ಹಣ್ಣಿನ ನೊಣಗಳನ್ನು ಸೀಸೆಗಳಲ್ಲಿ ಸಾಕಿ, ಅಕ್ಕಪಕ್ಕದ ಸೀಸೆಗಳ ನಡುವೆ ನೊಣಗಳನ್ನು ಸಾಗಿಸಿ ನೋಡಿದರು. 2006ರಲ್ಲಿ ‘ಸೈನ್ಸ್’ನಲ್ಲಿ ಬಂತು. ಸ್ವಲ್ಪವೇ ನೊಣ ಸಾಗಿಸಿದರೆ ಒಂದು ಸೀಸೆ ಏರುವಾಗ ಪಕ್ಕದ್ದು ಇಳಿಯುತ್ತಿತ್ತು, ಹಾಗಾಗಿ ಎಲ್ಲ ಸೀಸೆ ಸೇರಿದ ಒಟ್ಟು ಸಂಖ್ಯೆ ಸ್ಥಿರವಾಗಿ ಉಳಿಯಿತು. ಜಾಸ್ತಿ ಸಾಗಿಸಿದರೆ ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯತೊಡಗಿದವು, ಸ್ಥಿರತೆ ಹೋಯಿತು. ಹುಳುವಿನ ಬಾಟಲಿಯಲ್ಲಿ ‘ಯಾವಾಗ’ ಅನ್ನುವುದು ಮುಖ್ಯವಾಗಿದ್ದರೆ ಇಲ್ಲಿ ‘ಎಷ್ಟು’ ಅನ್ನುವುದು ಮುಖ್ಯ, ಅದೂ ಕಡಿಮೆಯ ಕಡೆಗೆ.

ಈ ಎರಡನ್ನೂ ಜೋಡಿಸಿ, ಹಲವು ಬಾಟಲಿಗಳ ನಡುವೆ ಹುಳು ಓಡಾಡುವ ಹಾಗೆ ಬಿಟ್ಟು, ಒಂದೊಂದರ ಚೌಕ ನೋಡಿಕೊಂಡು ಹುಳು ಸೇರಿಸಿದರೆ ಏನಾಗುತ್ತದೆ? ನನ್ನ ಕಾಗದದ ಲೆಕ್ಕ ಎರಡು ಬಾಟಲಿಗೇ ಕೈ ಮೀರಿತು. ಈಗ ಅದನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದೇನೆ, ಒಂಬತ್ತು ಬಾಟಲಿ, ಸುತ್ತಲೂ ವರ್ತುಲದಲ್ಲಿ. ಸೂತ್ರದಲ್ಲಿ ಈ ಸಲ ಅರ್ಧ ಹುಳುವಿಗೆ ಜಾಗ ಕೊಟ್ಟಿಲ್ಲ.